ಇಲ್ಲಿತನಕ ತಿಳೀತು

ಇಪ್ಪತ್ತಾರು ವರ್ಷ ಕೇಳಿದ್ದೇನೆ, ಇದೊಂದೇ ಪ್ರಶ್ನೆ,
ಬೋರ್ಡಿಗೆ ಮುಖ, ಅವರಿಗೆ ಬೆನ್ನು:
ತಿಳೀತಾ?
ಮೊದಲ ಬೆಂಚಿನ ಗಾದಿಲಿಂಗ ಶ್ರುತಿ ಹಿಡಿಯುತ್ತಿದ್ದ,
ಹಿಂದಿನವರು ಭಜನೆಯವರ ಹಾಗೆ ಸೇರಿಕೊಳ್ಳುತ್ತಿದ್ದರು:
ತಿಳೀತ್ರೀ ಸರ್.
ಅವನು ಪಾಸಾಗಿ ಹೋದ. ಅವನ ಜಾಗಕ್ಕೆ
ವರ್ಷಕ್ಕೊಬ್ಬ ಗಾದಿಲಿಂಗ ಬಂದ.
ನಾನು ಡಸ್ಟರು ಕೊಡವಿ
ಮುಂದಿನ ಪಾಠಕ್ಕೆ ನಡೆದೆ.

ಈ ಸಲ ಪಾಲಿಟೆಕ್ನಿಕ್ಕಿಗೆ ಮೂವತ್ತೊಂದು ಟ್ಯಾಬ್ಲೆಟ್ಟು ಬಂದವು,
ಒಂದೊಂದಕ್ಕೂ ದಾರ ಕಟ್ಟಿದ
ಮಸಿಯಿಲ್ಲದ ಪೆನ್ನು.
ಅಟೆಂಡರ್ ಪಂಪಾಪತಿ ಬಾಣಂತಿಯ ಕೂಸಿನ ಹಾಗೆ
ಒರೆಸಿ ಒರೆಸಿ ಇಟ್ಟ,
ಗಾಜಿನ ಮೇಲೆ ಮತ್ತೆ ಕೂತ ಕೆಂಪು ಧೂಳಿಗೆ
ಸಂಡೂರಿನ ಲಾರಿಗಳನ್ನೆಲ್ಲ ಹೆಸರಿಡಿದು ಬೈದ.
ಕರಾರು ಇಷ್ಟೇ: ನಾನು ಬರೆದದ್ದು ಅವರ ಅಂಗೈಗೆ,
ಅವರು ಗೀಚಿದ್ದು ನನ್ನ ಗೋಡೆಗೆ.
ಹೆಸರು ಕಾಣುವುದಿಲ್ಲ. ನಂಬರು ಮಾತ್ರ.

ಒಂದು ತೊಲೆ ಬರೆದೆ. ಎರಡು ತುದಿಗೆ ಎರಡು ಆಸರೆ,
ಉದ್ದಕ್ಕೂ ಒಂದೇ ಸಮ ಭಾರ.
ಬೆಂಡಿಂಗ್ ಮೊಮೆಂಟಿನ ಗೆರೆ ಎಳೀರಿ ಎಂದೆ.
ಮೊನ್ನೆಯಷ್ಟೇ ಎಲ್ಲರಿಗೂ ತಿಳಿದದ್ದು.

ಗೋಡೆ ತುಂಬಿತು.
ಹದಿನಾಲ್ಕು ತ್ರಿಕೋನ.
ಕೆಳಗೆ ಜೋತುಬಿದ್ದ ಜೋಳಿಗೆ ಒಂದು.
ಒಂದು ಮೀಸೆ. ನನ್ನದೇ;
ಎಡಗಡೆಯ ಬಿಳಿಕೂದಲನ್ನೂ ಬಿಟ್ಟಿಲ್ಲ.
ಐದು ಸರಿ, ಐದೂ ಒಂದರ ನಕಲು.
ಒಂಬತ್ತು ಖಾಲಿ, ಪೆನ್ನು ತಾಗಿ ಹಿಂಜರಿದ ಕಡೆ
ಸಾಸಿವೆಯಷ್ಟು ಚುಕ್ಕಿ.
ಫ್ಯಾನು ಬಿಸಿಗಾಳಿಯನ್ನೇ ಎಲ್ಲರಿಗೂ ಹಂಚುತ್ತಿತ್ತು.
ನಾನು ಎಣಿಸುತ್ತಿದ್ದೆ,
ಈ ಮೂವತ್ತೊಂದನ್ನಲ್ಲ.

ಉಳಿದದ್ದು ಹದಿನೇಳು.
ಪೆನ್ನೆತ್ತದೆ ಒಂದೇ ಉಸಿರಿಗೆ ಎಳೆದ ಬಾಗು,
ಏರಿ, ತುಂಬಿ, ಇಳಿದು, ಎಲ್ಲೂ ನಡುಗದ್ದು.
ಎಲ್ಲೋ ಕಂಡಿದ್ದೇನೆ ಇದನ್ನು ಅಂದುಕೊಳ್ಳುತ್ತ
ಸೀಮೆಸುಣ್ಣ ಹುಡುಕುವ ಹಳೆಯ ಚಾಳಿಗೆ
ಪ್ಯಾಂಟಿನ ಜೇಬಿಗೆ ಕೈ ಹೋಯಿತು.
ಜೇಬಿನ ಬಾಯಿ ಬೆರಳಿಗೆ ತಾಗಿತು.
ಅದೇ ಬಾಗು.

ಕೆಳಗೆ ಸಣ್ಣಕ್ಷರದಲ್ಲಿ:
ಗೆರಿ ಸರಿ ಐತಿ, ಯಾಕ ಸರಿ ಗೊತ್ತಿಲ್ಲ.
ನನ್ನದೇ ಲೆಕ್ಕದ ಮೂರನೆಯ ಸಾಲಿನಡಿ ಗೀಟು ಹಾಕಿ
ಇಲ್ಲಿತನಕ ತಿಳೀತು. ಇಲ್ಲಿಂದ ಇಲ್ರಿ.

ನಾಲ್ಕನೆಯ ಸಾಲು ಶುರುವಾಗುವುದು
'ಸಹಜವಾಗಿ' ಎಂಬ ಮಾತಿನಿಂದ.
ಅದು ನನ್ನ ಮೇಷ್ಟ್ರ ಮಾತು, ಅವರಿಗೂ ಯಾರೋ ದಾಟಿಸಿದ್ದು.
ಅಲ್ಲಿಗೆ ಬಂದಾಗಲೆಲ್ಲ ನಾನು ಕೆಮ್ಮುತ್ತಿದ್ದೆ,
ಬೋರ್ಡು ಒರೆಸುವುದಕ್ಕೆ ಅದೇ ಹೊತ್ತು ನೋಡುತ್ತಿದ್ದೆ.

ಕೆಂಪು ಬಣ್ಣ ಮುಟ್ಟಿ, ಆ ಮಾತಿಗೆ ಸುತ್ತು ಹಾಕಿದೆ.
ಬರೆದೆ: ಇಲ್ಲಿಂದ ನನಗೂ ಅಷ್ಟಕ್ಕಷ್ಟೆ. ನೋಡೋಣ.

ಯಾರೂ ತಿಳೀತ್ರೀ ಅನ್ನಲಿಲ್ಲ.
ಜೋಳ ಹೆಕ್ಕುವ ಕೋಳಿಗಳ ಹಾಗೆ
ಗಾಜಿನ ಮೇಲೆ ಟಕಟಕ ಟಕಟಕ.
ಏಳು ತೊಲೆಯನ್ನು ಹೋಳು ಮಾಡಿತು,
ಇಪ್ಪತ್ತೆರಡು ಕೂಡಿಸಿ, ಅಳಿಸಿ, ಮತ್ತೆ ಕೂಡಿಸಿತು,
ಮೀಸೆ ಬರೆದವನೂ ಮೀಸೆ ಅಳಿಸಿ ಕೂತ.
ಹದಿನೇಳು ಒಂದು ಮೇಜು ಬರೆಯಿತು,
ಹಲಗೆ, ಹಲಗೆಯ ಮೇಲೆ ಪದರು ಪದರು ಬಟ್ಟೆ,
ಅಡಿಗೊಂದು ಗುರುತು:
ತುದ್ಯಾಗ ಜಾಸ್ತಿ ಏರ್ತೈತಿ,
ನಡುವಿಗೆ ಬರ್ತಾ ಬರ್ತಾ ಕಮ್ಮಿ ಕಮ್ಮಿ ಏರ್ತೈತಿ,
ಅದಕ್ಕ ಬಾಗು. ಹೌದಲ್ರಿ?

ಅಷ್ಟರಲ್ಲಿ ಕರೆಂಟು ಹೋಯಿತು.
ಗೋಡೆ ಬರೀ ಗೋಡೆಯಾಯಿತು.
ಕೆಳಗೆ ಮೂವತ್ತೊಂದು ಗಾಜು ಆರಲಿಲ್ಲ,
ಯಾರೂ ತಲೆ ಎತ್ತಲಿಲ್ಲ.

ಗಂಟೆ ಹೊಡೆದಾಗ ಬಾಗಿಲಲ್ಲಿ ನಿಂತೆ.
ಪಂಪಾಪತಿ ಪೆನ್ನು ಎಣಿಸುತ್ತಿದ್ದ, ನಾನು ಬೆರಳು.
ಏಳು ಜನರ ಉಗುರಿನ ಸಂದಿಯಲ್ಲಿ ನೀಲಿ,
ಸೋಪಿಗೆ ಹೋಗದ ನೀಲಿ,
ಕೌಲ್ ಬಜಾರಿನ ಜೀನ್ಸ್ ಕಟಿಂಗಿನ ರಾತ್ರಿಪಾಳಿಯದು.
ಮೊದಲ ಪಿರಿಯಡ್ಡಿಗೆ ಆಕಳಿಸುತ್ತಾರೆಂದು
ನಾನು ಹೊರಗೆ ನಿಲ್ಲಿಸಿದವರೇ ಅದರಲ್ಲಿ ನಾಲ್ವರು.
ಇನ್ನಿಬ್ಬರು ನಾನು ನೋಡುವುದನ್ನು ನೋಡಿ
ಕೈ ಜೇಬಿಗೆ ಇಳಿಸಿದರು.